ಯಾರೂ ಹಾಕದ ಎಣ್ಣೆ

“ಅಪ್ಪ, ಮತ್ತೆ ಆಯಿಲ್ ಹಾಕಿದ್ರಾ?”

ಚೂಟಿಯ ಅಪ್ಪ ಕೇಳಿದ್ದು ತಾತನನ್ನು. ಶೆಡ್ಡಿನ ಬಾಗಿಲ ಬೆಳಕಿಗೆ ಅವನು ಆಯಿಲ್ ಕಡ್ಡಿ ಹಿಡಿದು ನೋಡುತ್ತಿದ್ದ. ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ಹೇಳುವುದೇ ಆ ಕಡ್ಡಿ. ಅದರ ಮೇಲೆ ಎರಡು ಗೆರೆಗಳಿವೆ. ಎಣ್ಣೆ ಅವುಗಳ ನಡುವೆ ಇರಬೇಕು. ಈಗ ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳಿನಷ್ಟು ಏರಿತ್ತು.

“ಇಲ್ಲ ಕಣೋ,” ಎಂದ ತಾತ. ಆಮೇಲೆ ಕಿವಿಯ ಹಿಂದೆ ಕೆರೆದುಕೊಂಡು, “ಹಾಕಿದ ನೆನಪಿಲ್ಲ,” ಎಂದ.

ಹಾಗೆ ಹೇಳಬಾರದಿತ್ತು. ‘ನೆನಪಿಲ್ಲ’ ಎಂದ ಕೂಡಲೇ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಹೋದ ವಾರವಷ್ಟೇ ತಾತ ಕ್ಷೌರದಂಗಡಿಯಲ್ಲಿ ಕೊಡೆ ಮರೆತು ಬಂದಿದ್ದ. ಅದನ್ನು ತರಲು ಹೋಗಿ ಟೋಪಿ ಬಿಟ್ಟು ಬಂದಿದ್ದ.

“ಇದು ಮೂರನೇ ಸಲ,” ಎಂದ ಅಪ್ಪ. “ನಾನು ಅಳತೆಗೆ ತಂದಿಡ್ತೀನಿ, ಎರಡು ದಿನಕ್ಕೆ ಮತ್ತೆ ಏರಿರತ್ತೆ. ಎಣ್ಣೆ ಕಮ್ಮಿ ಆಗೋದು ಕೇಳಿದೀನಿ. ಇದೇನು ಮರಿ ಹಾಕತ್ತಾ?”

ಚೂಟಿ ಕಿಸಕ್ಕೆಂದಳು. ಬೇರೆ ಯಾರೂ ನಗಲಿಲ್ಲ.

ಅಪ್ಪ ಹೆಚ್ಚಾದ ಎಣ್ಣೆಯನ್ನು ಇಳಿಸಿ, ಕಡ್ಡಿ ಒರೆಸಿ, ಮತ್ತೆ ಅದ್ದಿ ನೋಡಿದ. ಸರಿಯಾಗಿ ಮೇಲಿನ ಗೆರೆಗೆ ಬಂದಿತ್ತು. ಆಮೇಲೆ ತಾತನ ಕಡೆ ನೋಡದೆ ಮೆಲ್ಲಗೆ ಹೇಳಿದ, “ಎಂಜಿನ್ ಹೋದ್ರೆ ಹುಲ್ಲು ಕತ್ತರಿಸೋ ನಮ್ಮ ಕೆಲಸವೇ ನಿಂತ ಹಾಗೆ. ಸೋಮವಾರದಿಂದ ನಾನೇ ಓಡಿಸ್ತೀನಿ ಅಪ್ಪ. ನೀವು ರೆಸ್ಟ್ ತಗೊಳ್ಳಿ.”

ತಾತ ಜೇಬಿನಿಂದ ಕೀ ತೆಗೆದು ಮಗನ ಅಂಗೈಯಲ್ಲಿಟ್ಟ.

ಚೂಟಿ ಆ ಕೀಯನ್ನೇ ನೋಡಿದಳು. ಅವಳ ಶಾಲೆಯ ಮೈದಾನದ ಹುಲ್ಲನ್ನು ಕತ್ತರಿಸುತ್ತಿದ್ದವನು ತಾತನೇ. ಸೋಮವಾರ ಸೆಕೆಂಡ್ ಪೀರಿಯಡ್‌ನಲ್ಲಿ ಡುಗುಡುಗು ಸದ್ದು ಕೇಳಿದರೆ ಇಡೀ ಕ್ಲಾಸು ಕಿಟಕಿಯತ್ತ ತಿರುಗುತ್ತಿತ್ತು. ಟ್ರ್ಯಾಕ್ಟರಿನ ಮೇಲೆ ತಾತ ಮಹಾರಾಜನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ.

ಊಟವಾದ ಮೇಲೆ ತಾತ ಆಯಿಲ್ ಕ್ಯಾನನ್ನು ಚೂಟಿಯ ಕೈಗೆ ಕೊಟ್ಟ. “ನಿನ್ನ ಮಂಚದ ಕೆಳಗೆ ಇಟ್ಕೋ ಪುಟ್ಟಿ. ನಾನು ಕೇಳಿದ್ರೂ ಕೊಡಬೇಡ.”

“ಯಾಕೆ ತಾತ?”

“ನನ್ನ ಕೈ ನನಗೆ ಗೊತ್ತಿಲ್ಲದ ಹಾಗೆ ಕೆಲಸ ಮಾಡ್ತಿದೆಯೇನೋ. ಯಾರಿಗೆ ಗೊತ್ತು?”

ಚೂಟಿ ಕ್ಯಾನನ್ನು ಮಂಚದ ಕೆಳಗೆ ತಳ್ಳಿದಳು. ಸಾಲದ್ದಕ್ಕೆ ಅದರ ಮುಂದೆ ಸ್ಕೂಲ್ ಬ್ಯಾಗನ್ನೂ ಅಡ್ಡ ಇಟ್ಟಳು.

ಮರುದಿನ ಭಾನುವಾರ. ಎದ್ದವಳೇ ಶೆಡ್ಡಿಗೆ ಹೋದಳು. ಕಡ್ಡಿ ಎಳೆದಳು, ಒರೆಸಿದಳು, ಅದ್ದಿದಳು, ಮತ್ತೆ ಎಳೆದಳು.

ಎಣ್ಣೆ ಏರಿತ್ತು.

ಓಡಿ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದಳು. ಕ್ಯಾನ್ ಇಟ್ಟಲ್ಲೇ ಇತ್ತು. ಹಾಗಾದರೆ ಎಂಜಿನ್ನಿಗೆ ಹಾಕಿದವರು ಯಾರು? ಮರಳಿ ಬಂದು ಕಡ್ಡಿಯನ್ನು ಮೂಗಿನ ಹತ್ತಿರ ತಂದಳು. ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗೆ ವಾಸನೆ ಬಂತು. ಎಣ್ಣೆ ನೀರಿನ ಹಾಗೆ ತೆಳ್ಳಗಾಗಿ ತೊಟತೊಟನೆ ತೊಟ್ಟಿಕ್ಕುತ್ತಿತ್ತು.

“ತಾತಾ, ಇದನ್ನ ಮೂಸು!” ಎನ್ನುತ್ತ ಕಡ್ಡಿ ಹಿಡಿದೇ ಮನೆಯೊಳಗೆ ಓಡಿದಳು.

“ಈಗಷ್ಟೇ ನೆಲ ಒರೆಸಿದೀನಿ ಕಣೇ, ಕಣ್ಣಿಲ್ವಾ?” ಎಂದು ಅಮ್ಮ ಹಿಂದೆಯೇ ಬಂದಳು. ತಾತ ಕಡ್ಡಿಯನ್ನು ಮೂಸಿದ. ಇನ್ನೊಮ್ಮೆ ಮೂಸಿದ. ಅವನ ಬೆನ್ನು ನೆಟ್ಟಗಾಯಿತು.

“ಏರಿರೋದು ಆಯಿಲ್ ಅಲ್ಲ, ಪೆಟ್ರೋಲ್,” ಎಂದ. “ಟ್ಯಾಂಕಿನಿಂದ ಎಂಜಿನ್ನಿಗೆ ಸೋರ್ತಿದೆ. ಯಾರೂ ಸ್ಟಾರ್ಟ್ ಮಾಡಬೇಡಿ. ಬೆಂಕಿ ಹತ್ತಿರ ತರಬೇಡಿ. ಪುಟ್ಟಿ, ನಿಮ್ಮಪ್ಪನನ್ನ ಎಬ್ಬಿಸು.”

ಅಪ್ಪ ಕಣ್ಣುಜ್ಜಿಕೊಂಡು ಬಂದು, ಎಂಜಿನ್ನಿಗೆ ಪೆಟ್ರೋಲ್ ಕೊಡುವ ಕಾರ್ಬುರೇಟರ್ ಬಿಚ್ಚಿದ. ಅದರೊಳಗೊಂದು ಪುಟ್ಟ ಸೂಜಿ ಇದೆ. ಪೆಟ್ರೋಲ್ ಸಾಕಾದಾಗ ದಾರಿ ಮುಚ್ಚುವುದು ಅದರ ಕೆಲಸ. ಆದರೆ ಸೂಜಿ ಕೂರುವ ತೂತಿನ ಬಾಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ರಬ್ಬರ್ ಚೂರು ಸಿಕ್ಕಿಕೊಂಡಿತ್ತು. ದಾರಿ ಮುಚ್ಚುತ್ತಲೇ ಇರಲಿಲ್ಲ.

ಅಪ್ಪ ಆ ಚೂರನ್ನು ಬೆರಳ ತುದಿಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದ.

“ಪೆಟ್ರೋಲ್ ಪೈಪಿಂದು,” ಎಂದ ಕೊನೆಗೆ. “ನಾನು ಹೊಸ ಪೈಪ್ ಕೊಯ್ದು ಹಾಕಿದೆನಲ್ಲ, ಅದರದ್ದು. ಪೆಟ್ರೋಲ್ ನಿಲ್ಲಿಸೋ ಪುಟ್ಟ ನಲ್ಲಿ ಇತ್ತಲ್ಲ, ಆ ಕಾಕ್, ಅದನ್ನೂ ಆವತ್ತೇ ತೆಗೆದುಬಿಟ್ಟೆ. ದಿನಾ ಸಂಜೆ ಅದನ್ನ ಮುಚ್ಚೋಕೆ ನೀವು ಮಂಡಿ ಊರಬೇಕಿತ್ತು. ನೋವು ತಪ್ಪಲಿ ಅಂತ...”

ತಾತ ಈಗ ಬಯ್ಯುತ್ತಾನೆ ಎಂದು ಚೂಟಿ ಕಾದಳು. ಅವಳಾಗಿದ್ದರೆ ‘ನಾನು ಹೇಳಲಿಲ್ವಾ’ ಎಂದು ಹತ್ತು ಸಲವಾದರೂ ಅಂದಿರುತ್ತಿದ್ದಳು.

“ಆ ಕಾಕ್ ಇದ್ಯಾ, ಎಸೆದ್ಯಾ?” ಎಂದಷ್ಟೇ ಕೇಳಿದ ತಾತ.

“ಇದೆ.”

“ಹಾಕಿಬಿಡು. ನನ್ನ ಮಂಡಿ ನಾನು ನೋಡ್ಕೋತೀನಿ.”

ಅಪ್ಪ ಕೆಟ್ಟ ಎಣ್ಣೆಯನ್ನೆಲ್ಲ ಹಳೇ ಬಾಂಡಲಿಗೆ ಇಳಿಯಲು ಬಿಟ್ಟ. ತಾತ, ಮೊಮ್ಮಗಳು ಅದರ ಪಕ್ಕ ಕೂತು ನೋಡುತ್ತಿದ್ದರು. ಚೂಟಿ ನೆಲ ಕೆರೆಯುತ್ತಾ ಹೇಳಿದಳು, “ತಾತ, ನಾನೂ ನೀನೇ ಹಾಕಿದೀಯ ಅಂದ್ಕೊಂಡಿದ್ದೆ.”

“ಬಿಡು ಪುಟ್ಟಿ,” ಎಂದ ತಾತ. “ನಾನೂ ಹಾಗೇ ಅಂದ್ಕೊಂಡಿದ್ದೆ.”

ಮಧ್ಯಾಹ್ನದ ಹೊತ್ತಿಗೆ ಎಲ್ಲ ಜೋಡಿಸಿ ಮುಗಿಯಿತು. ಅಪ್ಪ ಹೊಸ ಎಣ್ಣೆಯ ಮುಚ್ಚಳ ತೆಗೆದು, ಹಾಗೇ ನಿಂತು, ತಲೆಯೆತ್ತಿ ಕೇಳಿದ.

“ಅಪ್ಪ, ಇದಕ್ಕೆ ಎಷ್ಟು ಹಾಕ್ಲಿ?”

‘ಒಂದೂವರೆ ಲೀಟರ್’ ಎನ್ನಲು ಚೂಟಿ ಬಾಯಿ ತೆರೆದಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನಿಗಂತೂ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಮತ್ತೆ ಯಾಕೆ...

ಅವಳು ತಾತನ ಮುಖ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡಳು.

“ಒಂದೂವರೆ ಲೀಟರ್ ಕಣೋ,” ಎನ್ನುತ್ತ ತಾತ ಎದ್ದು ಬಂದ. “ನಿಧಾನ. ನಾನು ಸಾಕು ಅಂದಾಗ ನಿಲ್ಲಿಸು.”