ಬ್ರೂನಾ ನದಿಗೆ ಹಾರಿದ್ದು

"ನನ್ನ ಬ್ರೂನಾನ ಸಾಯಿಸಿಬಿಟ್ರಾ? ನಾನು ಇಲ್ದೇ ಇದ್ದಾಗ?"

ಕೈಸಾ ಕೂಗಿದ ಕೂಗಿಗೆ ಕಾಮಿಕ್ಸ್ ಅಂಗಡಿಯ ಕೌಂಟರಿನಲ್ಲಿದ್ದವರೂ ತಿರುಗಿ ನೋಡಿದರು. ಅವಳು ಈಗಷ್ಟೇ ಒಳಗೆ ಬಂದಿದ್ದಳು. ಬೂಟು ಕೂಡ ಬಿಚ್ಚಿರಲಿಲ್ಲ. ಅದಕ್ಕಂಟಿದ್ದ ಹಿಮ ಕರಗಿ ನೆಲವೆಲ್ಲ ಒದ್ದೆಯಾಗುತ್ತಿತ್ತು.

ಅಂಗಡಿಯ ಹಿಂಬದಿಯ ಮೇಜಿನಲ್ಲಿ ಕೂತು ಆಗಷ್ಟೇ ಸುದ್ದಿ ಹೇಳಿದ್ದ ರೋಸಲಿ ಮತ್ತು ವೆಂಡೆಲ್ ಇಬ್ಬರೂ ತಲೆ ತಗ್ಗಿಸಿದರು.

ಪ್ರತಿ ಶನಿವಾರ ಆ ಮೇಜು ಇವರದ್ದೇ. ಮೂವರೂ ಸೇರಿ ಅಲ್ಲಿ ಕತೆ ಕಟ್ಟುವ ಆಟ ಆಡುತ್ತಿದ್ದರು. ರೋಸಲಿ ಏಳನೇ ಕ್ಲಾಸು, ಕತೆ ಹೇಳುವವಳು ಅವಳು. ಯಾವ ಗುಹೆಯಲ್ಲಿ ಯಾವ ರಾಕ್ಷಸ ಇದ್ದಾನೆಂದು ಅವಳಿಗೆ ಮಾತ್ರ ಗೊತ್ತು. ಕೈಸಾ, ವೆಂಡೆಲ್ ಐದನೇ ಕ್ಲಾಸು. ಕತೆಯೊಳಗೆ ಕೈಸಾ ಎಂದರೆ ಕೊಡಲಿ ಹಿಡಿದ ಬ್ರೂನಾ, ವೆಂಡೆಲ್ ಎಂದರೆ ಜಿಬ್ ಎಂಬ ಪುಟ್ಟ ಕಳ್ಳ. ಏನು ಮಾಡಬೇಕೆಂದು ಅವರವರೇ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ.

ಹೋದ ಶನಿವಾರ ಕೈಸಾಳಿಗೆ ಗಂಟಲು ಬಾತು ಜ್ವರ ಬಂದಿತ್ತು. ಬಾರದವರ ಪಾತ್ರವನ್ನು ಪಕ್ಕದವರು ಆಡಿಸಬೇಕು ಎನ್ನುವುದು ಆ ಮೇಜಿನ ನಿಯಮ. ಅವಳ ಪಕ್ಕದಲ್ಲಿ ಕೂರುವವನು ವೆಂಡೆಲ್.

"ಏನ್ ಮಾಡ್ದೆ? ಬಾಯಿ ಬಿಡೋ!"

"ಸೇತುವೆ ಮುರೀತು. ಜಿಬ್ ನದಿಗೆ ಬಿದ್ದ," ವೆಂಡೆಲ್ ಗೊಣಗಿದ. "ಬ್ರೂನಾ ಹಾರಿ ಅವನನ್ನ ದಡಕ್ಕೆ ತಳ್ಳಿದ್ಲು. ಆಮೇಲೆ ಅವಳು ಈಜಬೇಕಲ್ಲ, ಡೈಸ್ ಹಾಕ್ದೆ. ಒಂದು ಬಿತ್ತು."

ಒಂದು! ಆ ದಾಳದಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

"ನನ್ನ ಡೈಸ್ ಮುಟ್ಟಿದ್ಯಾ?"

"ಅಮ್ಮನಾಣೆ ಇಲ್ಲ! ಹಾಕಿದ್ದು ನಂದು. ನೀನು ಇಲ್ಲಿಟ್ಟಿರೋ ಡೈಸ್ ಚೀಲದ ಹತ್ರಕ್ಕೂ ಹೋಗಿಲ್ಲ."

"ನಿಂದಾ? ಆ ದರಿದ್ರ ಡೈಸ್ ಯಾವತ್ತು ನೆಟ್ಟಗೆ ಬಿದ್ದಿದೆ?"

ಅಂಗಡಿಯ ಯಜಮಾನ ಗಸ್ ತಮ್ಮ ಶಾಲಾದಿನಗಳ ಗೆಳೆಯನ ಜೊತೆ ಕೌಂಟರಿನ ಮೇಲೆ ಹಳೇ ಕಾಮಿಕ್ಸ್ ಹರಡಿಕೊಂಡು ಹರಟುತ್ತಿದ್ದರು. ಅಲ್ಲಿಂದಲೇ ಹೇಳಿದರು, "ಅಳಬೇಡ ಮರಿ. ನಮ್ಮ ಕಾಲದ ಕವರ್ ನೋಡಿಲ್ಲಿ. ಕವರ್ ಮೇಲೆ ಹೀರೋ ಸತ್ತು ಬಿದ್ದಿರ್ತಾನೆ, ಒಳಗೆ ಓದಿದ್ರೆ ಅವನಿಗೆ ಬರೀ ನೆಗಡಿ!"

"ಆ ಕವರ್ ನಂಬ್ಕೊಂಡು ನೀನು ಗಣಿತದ ಕ್ಲಾಸಲ್ಲಿ ಗೊಳೋ ಅಂತ ಅತ್ತಿದ್ಯಲ್ಲೋ," ಎಂದರು ಗೆಳೆಯ. "ಪಾಪ, ಟೀಚರ್ 'ಇವತ್ತು ನೀನು ಭಾಗಾಕಾರ ಮಾಡೋದು ಬೇಡ' ಅಂದ್ರು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನೇನೂ ಅಳ್ತಾ ಇಲ್ಲ!" ಕೈಸಾಳಿಗೆ ಮೈಯೆಲ್ಲ ಉರಿಯಿತು. ದೊಡ್ಡವರಿಗೆ ಎಲ್ಲವೂ ತಮಾಷೆ.

ಅವಳು ಬ್ಯಾಗಿನಿಂದ ಒಂದು ಹಾಳೆ ಎಳೆದು ಮೇಜಿನ ಮೇಲೆ ಬಡಿದಳು. ತಮ್ಮ ಆಟದ ಕತೆಯನ್ನೇ ಈ ಮೂವರು ಕಾಮಿಕ್ಸ್ ಮಾಡುತ್ತಿದ್ದರು. ಕವರ್ ಚಿತ್ರ ಬರೆಯುವುದು ಕೈಸಾಳ ಕೆಲಸ. ಜ್ವರದಲ್ಲೂ ಕೂತು ಬರೆದಿದ್ದಳು. ತಾನು ಕೊನೆಗೆ ಆಡಿದಾಗ ಕತೆ ತಲುಪಿದ್ದ ಸೇತುವೆಯ ನಡುವೆ ಕೊಡಲಿ ಎತ್ತಿ ನಿಂತ ಬ್ರೂನಾ.

"ಇದನ್ನ ಈಗ ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?"

ಬ್ರೂನಾ ಹುಟ್ಟಿದ್ದು ಎರಡನೇ ಕ್ಲಾಸಿನಲ್ಲಿ. ಚಳಿ ಜಾಸ್ತಿಯೆಂದು ಆಟಕ್ಕೆ ಹೊರಗೆ ಬಿಡದ ದಿನ. ಯಾರೂ ಸೇರಿಸಿಕೊಳ್ಳದೆ ಮೂಲೆಯಲ್ಲಿ ಕೂತು ಕೈಸಾ ಅವಳ ಚಿತ್ರ ಬರೆದಿದ್ದಳು. ಆಗ ವೆಂಡೆಲ್ ಬಂದು, "ಇವಳಿಗೊಬ್ಬ ಕಳ್ಳ ಫ್ರೆಂಡ್ ಬೇಡ್ವಾ?" ಎಂದು ಕೇಳಿದ್ದ. ಅದು ನೆನಪಾಗಿ ಕೈಸಾಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಎಲ್ಲ ಗೊತ್ತಿದ್ದವನೇ ಹೀಗೆ ಮಾಡಿದನಲ್ಲ!

ರೋಸಲಿ ಮೆಲ್ಲಗೆ ಬಾಯಿ ಬಿಟ್ಟಳು. "ಕೈಸಾ, ನೀನಿಲ್ದೇ ಇದ್ದಾಗ ಆಗಿದ್ದು ನ್ಯಾಯ ಅಲ್ಲ. ಬೇಕಾದ್ರೆ ಸೇತುವೆ ಮುರಿದಲ್ಲಿಗೆ ವಾಪಸ್ ಹೋಗೋಣ. ಬ್ರೂನಾ ಏನ್ ಮಾಡ್ತಾಳೆ, ನೀನೇ ಹೇಳು."

"ದಡದಲ್ಲೇ ನಿಲ್ತಾಳೆ!"

"ಹಾಗಾದ್ರೆ ಜಿಬ್ ಸಾಯ್ತಾನೆ. ಅವನಿಗೆ ಈಜು ಬರಲ್ಲ."

"ಸಾಯ್ಲಿ!"

ವೆಂಡೆಲ್ ಜಗಳ ಆಡಲಿಲ್ಲ. ಮೇಜಿನ ಮೇಲೆ ಹಾಸಿದ್ದ ನೀಲಿ ಕಾಗದವೇ ನದಿ. ದಡದಲ್ಲಿ ನಿಂತಿದ್ದ ಹೆಬ್ಬೆರಳಿನಷ್ಟು ಎತ್ತರದ ಜಿಬ್ ಗೊಂಬೆಯನ್ನು ಎತ್ತಿ ಆ ನೀಲಿಯ ಮೇಲೆ ಮಲಗಿಸಿದ. ಅವನ ಕಿವಿ ಕೆಂಪಗಾಗಿತ್ತು.

"ಸರಿ ಬಿಡು," ಎಂದ. "ನಾನು ತುಂಬಾ ಹೊತ್ತು ಯೋಚನೆ ಮಾಡ್ದೆ ಕಣೇ. ಬ್ರೂನಾ ನಿಂತ್ಕೊಂಡು ನೋಡ್ತಾಳಾ ಅಂತ. ನೀನಿದ್ದಿದ್ರೆ ರೋಸಲಿ ಮಾತು ಮುಗಿಸೋ ಮುಂಚೆನೇ 'ಹಾರ್ದೆ' ಅಂದಿರ್ತಿದ್ದೆ. ಅದಕ್ಕೇ ಹಾರಿಸ್ದೆ."

'ಸುಳ್ಳು' ಎನ್ನಲು ಕೈಸಾ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಆಟಗಳು ನೆನಪಾದವು.

ಉರಿಯುವ ಕೊಟ್ಟಿಗೆಗೆ ನುಗ್ಗಿದ್ದವಳು ಬ್ರೂನಾ. ಹಾವಿನ ಬಾವಿಗೆ ಇಳಿದಿದ್ದವಳೂ ಅವಳೇ. ಎರಡು ಸಲವೂ ಇದೇ ಜಿಬ್‌ಗಾಗಿ. ಇವತ್ತು ದಡದಲ್ಲಿ ಕೈಕಟ್ಟಿ ನಿಂತರೆ ಅವಳು ಬದುಕಿರುತ್ತಾಳೆ, ಆದರೆ ಬ್ರೂನಾ ಆಗಿರುವುದಿಲ್ಲ. ಕೈಸಾಳಿಗೆ ಇದು ಗೊತ್ತಾಯಿತು. ಗೊತ್ತಾಗಿದ್ದಕ್ಕೇ ಮತ್ತಷ್ಟು ಸಿಟ್ಟು ಬಂತು. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಅವಳು ಕೈ ಚಾಚಿ ಜಿಬ್‌ನನ್ನು ನೀಲಿಯಿಂದ ಎತ್ತಿದಳು. ದಡದ ಮೇಲೆ ಕುಕ್ಕಿ ನಿಲ್ಲಿಸಿದಳು.

"ವಾಪಸ್ ಹೋಗೋದೇನೂ ಬೇಡ. ಇವನು ಇರ್ಲಿ," ಎಂದಳು. "ಆದ್ರೆ ನಿನ್ನ ಮೇಲೆ ನಂಗಿನ್ನೂ ಸಿಟ್ಟಿದೆ. ಸೋಮವಾರ ಸ್ಕೂಲ್ ಬಸ್ಸಲ್ಲೂ ಇರತ್ತೆ."

"ಆಯ್ತು," ಎಂದ ವೆಂಡೆಲ್.

ಕೈಸಾ ಬೂಟು ಬಿಚ್ಚಿ ತನ್ನ ಕುರ್ಚಿಯಲ್ಲಿ ಕೂತಳು. ಕವರ್ ಹಾಳೆಯನ್ನು ಮಗುಚಿ ಖಾಲಿ ಹಿಂಬದಿಯಲ್ಲಿ ಹೊಸ ಕವರ್‌ಗೆ ನದಿಯ ಗೆರೆ ಎಳೆದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ನೀರು ಹೇಗಿತ್ತು?"

"ಕಪ್ಪಗಿತ್ತು. ಜೋರಾಗಿ ಹರೀತಿತ್ತು."

"ಅವಳಿಗೆ ಹೆದರಿಕೆ ಆಯ್ತಾ?"

ವೆಂಡೆಲ್ ದಡದಲ್ಲಿದ್ದ ಜಿಬ್ ಗೊಂಬೆಯನ್ನು ನೆಟ್ಟಗೆ ಮಾಡಿದ. "ಅವಳಿಗಾಗ್ಲಿಲ್ಲ. ನಂಗಾಯ್ತು."

ಕೈಸಾ ಹಾಳೆಯನ್ನು ಇಬ್ಬರ ನಡುವೆ ಸರಿಸಿ, ಪೆನ್ಸಿಲನ್ನು ಅವನ ಕಡೆ ತಳ್ಳಿದಳು.

"ಹಾಗಾದ್ರೆ ಜಿಬ್‌ನ ಮುಖ ನೀನೇ ಬರಿ."