ಶಾಮಲಜ್ಜಿಗೆ ನೆನಪಾದ ಎಂಟು ಪದಗಳು

"ದೋಣಿ, ಬೆಲ್ಲ, ಕಿಟಕಿ, ನವಿಲು..." ಶಾಮಲಜ್ಜಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. "ಗಡಿಗಿ, ಮೋಡ, ಚಪ್ಪಲಿ, ಹಗ್ಗ."

ಅಲ್ಲಿಗೆ ನಿಲ್ಲಿಸಿದಳು.

ಇಪ್ಪತ್ತು ನಿಮಿಷದ ಹಿಂದೆ ನೀಲಿಮಾ ಮೇಡಂ ಹತ್ತು ಪದ ಓದಿದ್ದರು. ಈಗ ಅಜ್ಜಿ ಅವನ್ನೆಲ್ಲ ನೆನಪಿನಿಂದ ಹೇಳಬೇಕಿತ್ತು. ಮರಾಠಿ ಊರಾದರೂ ಶಿವಾಜಿನಗರದ ಆ ನೆನಪಿನ ಸಂಶೋಧನಾ ಕೇಂದ್ರದಲ್ಲಿ ಅವರವರ ಮನೆಮಾತಿನಲ್ಲೇ ಟೆಸ್ಟ್ ಮಾಡುತ್ತಿದ್ದರು.

ಅಜ್ಜಿಯ ಮೊಮ್ಮಗಳು ಮಂಜರಿ, ಮೇಡಂ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಸದ್ದು ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೇ ಅವಳನ್ನು ಒಳಗೆ ಬಿಟ್ಟಿದ್ದರು. ಎಂಟೇ ಪದ ಎಂದು ಅವಳು ಬೆರಳಲ್ಲಿ ಎಣಿಸಿಕೊಂಡಳು.

ಅಜ್ಜಿಯ ಅಕ್ಕ ಅಂಬಕ್ಕಜ್ಜಿ ಧಾರವಾಡದಲ್ಲಿದ್ದಾಳೆ. ಅವಳಿಗೆ ಅಲ್ಜೈಮರ್ ಕಾಯಿಲೆ. ಕಳೆದ ದೀಪಾವಳಿಯಲ್ಲಿ ಅವಳು, "ನೀ ಯಾರ ಮಗಳವ್ವಾ?" ಎಂದು ಮಂಜರಿಯನ್ನು ನಾಲ್ಕು ಸಲ ಕೇಳಿದ್ದಳು. ಈಗ ಎರಡು ಪದ ತಪ್ಪಿದರೆ ಶಾಮಲಜ್ಜಿಗೂ ಅದೇ ಕಾಯಿಲೆ ಎಂದು ಬರೆದುಬಿಟ್ಟರೆ?

ಅಜ್ಜಿ ಕಣ್ಣು ತೆರೆದಳು. ಮಂಜರಿ ಒಂದು ಮುಷ್ಟಿ ಎತ್ತಿ, ಅದರ ಮೇಲೆ ಇನ್ನೊಂದು ಕೈಯನ್ನು ಅಗಲವಾಗಿ ಬಿಡಿಸಿ ಹಿಡಿದಳು.

"ಛತ್ರಿ," ಎಂದಳು ಅಜ್ಜಿ.

ಮೇಡಂ ಬರೆದುಕೊಂಡರು. ಮಂಜರಿ ಉಸಿರು ಬಿಟ್ಟಳು.

"ತಡೀರಿ ನೀಲಿಮಾ," ಎಂದಳು ಅಜ್ಜಿ. "ಅದನ್ನ ಹೊಡೆದುಹಾಕ್ರಿ."

"ಯಾಕ್ರಿ ಅಜ್ಜಿ? ಕರೆಕ್ಟ್ ಅದ ಅಲ್ಲ."

"ಕರೆಕ್ಟ್ ಅದ, ಆದ್ರ ನಂದಲ್ಲ. ನನ್ನ ಮೊಮ್ಮಗಳು ತೋರಿಸಿದ್ದು."

ಮೇಡಂ ಹಿಂದೆ ತಿರುಗಿದರು. ಮಂಜರಿ ಕೈ ಕೆಳಗಿಳಿಸಿದಳು.

"ಸಾರಿ," ಎಂದಳು ಮೆಲ್ಲಗೆ. "ಅಜ್ಜಿನೂ ಅಂಬಕ್ಕಜ್ಜಿ ಹಂಗ ಆಗತಾಳೇನ್ರಿ?"

"ಎರಡು ಪದ ಮರೆತ್ರ ಅದು ಕಾಯಿಲೆ ಅಲ್ಲ. ನಾನೂ ಮರೀತೀನಿ," ಎಂದರು ಮೇಡಂ, ಕುರ್ಚಿ ಹತ್ತಿರ ಎಳೆದುಕೊಂಡು. "ಕೇಳು. ನಿಮ್ಮ ಅಂಬಕ್ಕಜ್ಜಿ ಮೈಯಾಗ ಈ ಕಾಯಿಲೆಯ ಅಪಾಯ ಹೆಚ್ಚು ಮಾಡೋ ಒಂದು ಜೀನ್ ಅದ. ಅದೇ ಜೀನ್ ಈ ಅಜ್ಜಿಗೂ ಅದ."

ಮಂಜರಿ ಅಜ್ಜಿಯ ಮುಖ ನೋಡಿದಳು.

"ನನಗ ಗೊತ್ತದ. ನಾನೇ ಕೇಳಿ ತಿಳಕೊಂಡೀನಿ," ಎಂದಳು ಅಜ್ಜಿ.

"ಆದ್ರೂ ಎಪ್ಪತ್ನಾಲ್ಕಕ್ಕ ಇಷ್ಟು ಚುರುಕು ಇದ್ದಾರ," ಎಂದರು ಮೇಡಂ. "ಯಾಕ? ದಿನಾ ವಾಕಿಂಗ್ ಹೋಗೋದಕ್ಕೋ? ಅರವತ್ತಕ್ಕ ಮರಾಠಿ ಓದ್ಲಿಕ್ಕೆ ಕಲತದ್ದಕ್ಕೋ? ಅಥವಾ ಬ್ಯಾರೆ ಯಾವುದೋ ಜೀನ್ ಕಾಪಾಡ್ಲಿಕ್ಕೆ ಹತ್ತದೋ? ನಮಗಿನ್ನೂ ಗೊತ್ತಿಲ್ಲ. ಇಂಥಾ ಮುನ್ನೂರು ಮಂದಿನ್ನ ನೋಡಿ ಹುಡುಕ್ಲಿಕ್ಕೆ ಹತ್ತೀವಿ."

"ಅದಕ್ಕ ನನ್ನ ತಲಿ ಹೆಂಗದನೋ ಹಂಗೇ ಬರೀಬೇಕು," ಎಂದಳು ಅಜ್ಜಿ. "ಮುಂದ ಇನ್ನೊಬ್ಬಾಕಿಗೆ ಉಪಯೋಗ ಆಗ್ತದ. ನಿನಗೂ ಆಗಬಹುದು."

ಮಂಜರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಅಜ್ಜಿ ಹತ್ತನೆಯ ಪದಕ್ಕಾಗಿ ಮತ್ತೆ ಕಣ್ಣು ಮುಚ್ಚಿದಳು. ಹಣೆಯಲ್ಲಿ ಗೆರೆಗಳು ಮೂಡಿದವು. ಉತ್ತರ ಮಂಜರಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು. ಒಂದು ನಿಮಿಷ ಇಷ್ಟು ಉದ್ದವಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಬರಲಿಲ್ಲ," ಎಂದಳು ಅಜ್ಜಿ, ಬೆನ್ನು ನೆಟ್ಟಗೆ ಮಾಡಿಕೊಂಡು. "ಎಂಟೇ ಅಂತ ಬರೀರಿ."

ಸಂಜೆ ಧನಕವಡಿಯ ಮನೆಗೆ ಬಂದಾಗ ಕೆಳಮನೆಯ ಮಧುಕರ ಕಾಕಾ ಗೇಟಿನಲ್ಲೇ ಸಿಕ್ಕರು. ಅಜ್ಜಿಯ ಪರೀಕ್ಷೆ ಹೇಗಾಯಿತು ಎಂದು ಮರಾಠಿಯಲ್ಲಿ ಕೇಳಿದರು.

ಅಜ್ಜಿ ಬಾಯಿ ತೆರೆಯುವ ಮೊದಲೇ ಮಂಜರಿ ಮರಾಠಿಯಲ್ಲೇ ಹೇಳಿದಳು: "ಹತ್ತಕ್ಕೆ ಎಂಟು, ಕಾಕಾ. ಎರಡು ನೆನಪಾಗಲಿಲ್ಲ."

ಎಂಟು ಎಂದು ಹೇಳಿದಷ್ಟೇ ಗಟ್ಟಿಯಾಗಿ ಎರಡು ಎಂದೂ ಹೇಳಿದಳು. ಆಮೇಲೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು.