ಮೂರನೇ ಟೇಕ್

ಗಾಜಿನ ಆಚೆ ಅವಳು, ಈಚೆ ಇವನು. ನಡುವೆ ಒಂದು ಮೈಕು, ಮತ್ತೆ ಬೇರೊಬ್ಬನ ಬದುಕು.

ಆ ಬೇರೊಬ್ಬ ಹೆಸರಾಂತ ರಾಕ್ ಹಾಡುಗಾರ. ಗಂಟಲಿನ ಆಪರೇಷನ್ ಆಗಿ ದನಿಯೇ ಹೋದ ಮೇಲೆ ಕೂತು ಆತ್ಮಕಥೆ ಬರೆದಿದ್ದ. ಕುಡಿದದ್ದು, ಬಿದ್ದದ್ದು, ಗೆಳೆಯರ ಬೆನ್ನಿಗೆ ಚೂರಿ ಹಾಕಿದ್ದು, ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಅದನ್ನು ಆಡಿಯೊ ಪುಸ್ತಕಕ್ಕಾಗಿ ಓದುವ ಕೆಲಸ ಇವನದು. ರೆಕಾರ್ಡ್ ಮಾಡುವ ಸೌಂಡ್ ಎಂಜಿನಿಯರ್ ಅವಳು.

ಓದುವಾಗ ನಾಲಿಗೆ ತೊಡರಿದರೆ ಅವಳು ಗುಂಡಿ ಒತ್ತಿ "ಇನ್ನೊಂದ್ ಸಲ" ಅನ್ನುತ್ತಿದ್ದಳು. ಆ ದನಿ ಹೆಡ್‌ಫೋನಿನಲ್ಲಿ ನೇರವಾಗಿ ಇವನ ಕಿವಿಯೊಳಗೇ ಬರುತ್ತಿತ್ತು. ಅದರ ಆಸೆಗೆ ಬೇಕೆಂದೇ ತಪ್ಪು ಓದುವುದನ್ನು ಕಲಿತಿದ್ದ ಭೂಪ ಇವನು. ಅವಳಿಗೇನು ಗೊತ್ತಿರಲಿಲ್ಲವೇ? ಒಂದೇ ಹುಬ್ಬು ಏರಿಸಿ, ತುಟಿಯಂಚಿನಲ್ಲಿ ನಗು ಹಿಡಿದಿಟ್ಟುಕೊಂಡು ನೋಡುತ್ತಿದ್ದಳು.

"ಸರ್, ಇಷ್ಟ್ ಸುಲಭದ ಪದಕ್ಕೂ ಎಡವ್ತೀರಲ್ಲ?"

"ಮೇಡಂ, ನೀವ್ ಹಾಗ್ ನೋಡ್ತಿದ್ರೆ ನನ್ ಹೆಸರೂ ಮರೆತ್ಹೋಗುತ್ತೆ."

"ಹಾಗಾದ್ರೆ ಗೋಡೆ ನೋಡ್ಕೊಂಡ್ ಓದಿ."

ಕೆಲಸಕ್ಕೆ ಕೂರುವ ಮುನ್ನ ಅವಳು ಚಪ್ಪಲಿ ಕಳಚಿ ಮೇಜಿನ ಕೆಳಗೆ ತಳ್ಳುತ್ತಿದ್ದಳು. ನೆಲದ ನಡುಕ ಅಂಗಾಲಿಗೆ ತಾಗಬೇಕು, ಆಗಲೇ ಶಬ್ದ ಅರ್ಥವಾಗುವುದು ಅನ್ನುತ್ತಿದ್ದಳು. ಒಮ್ಮೆ ಇವನು ಒಂದು ಚಪ್ಪಲಿಯನ್ನು ಅಡಗಿಸಿಟ್ಟು, ಅವಳು ಕುಂಟುತ್ತಾ ಸ್ಟುಡಿಯೋ ಪೂರ್ತಿ ಹುಡುಕುವಂತೆ ಮಾಡಿದ್ದ. ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆ ನಗುವಿಗೇ ಇವನು ಸೋತದ್ದು.

ಇವತ್ತಿನ ಅಧ್ಯಾಯ ಮುಗಿದ ಕೂಡಲೇ ಮನಸ್ಸಿನ ಮಾತು ಹೇಳಿಬಿಡಬೇಕೆಂದು ಗಟ್ಟಿಮಾಡಿಕೊಂಡೇ ಬಂದಿದ್ದ.

ಹಾಡುಗಾರ ತನ್ನ ಮೊದಮೊದಲ ಕಾರ್ಯಕ್ರಮಗಳ ಬಗ್ಗೆ ಬರೆದಿದ್ದ. ‘ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ಗುಬ್ಬಿ ಅನ್ನುತ್ತಿದ್ದೆ. ಬರಿಗಾಲಲ್ಲೇ ನಿಲ್ಲುತ್ತಿದ್ದಳು. ನೆಲ ನಡುಗದಿದ್ದರೆ ಅದು ಹಾಡೇ ಅಲ್ಲ ಅನ್ನುತ್ತಿದ್ದಳು. ನಾಲ್ಕು ಜನ ಗುರುತಿಸುವಂತಾದ ಮೇಲೆ ನಾನು ಅವಳನ್ನು ಬಿಟ್ಟು ಹೊರಟೆ.’

ಇವನು ತಲೆಯೆತ್ತಿದ. ಅವಳು ತನ್ನ ಬರಿಗಾಲನ್ನೇ ನೋಡುತ್ತಾ ಕೂತಿದ್ದಳು. ಗುಬ್ಬಿ ಯಾರೆಂದು ಇವನಿಗೆ ಹೊಳೆಯಿತು.

ಮುಂದಿನ ಸಾಲನ್ನು ಓದಲೇಬೇಕಿತ್ತು. ‘ಸಾವಿರಾರು ಜನರ ಮುಂದೆ ಪ್ರೀತಿಯ ಬಗ್ಗೆ ಹಾಡಿದೆ. ಹೇಳಬೇಕಾದವಳಿಗೆ ಮಾತ್ರ ಹೇಳಲಿಲ್ಲ. ಗುಬ್ಬೀ, ನೀನಿಲ್ಲದೆ ನನಗೆ ಆಗುವುದಿಲ್ಲ.’

ಹೊಟ್ಟೆಕಿಚ್ಚಿಗೆ ಅದನ್ನು ಕರೆಂಟ್ ಬಿಲ್ ಓದಿದ ಹಾಗೆ ಓದಿದ.

"ಇನ್ನೊಂದ್ ಸಲ," ಎಂದಿತು ಕಿವಿಯಲ್ಲಿ ಅವಳ ದನಿ.

ತಪ್ಪೇನೂ ಆಗಿರಲಿಲ್ಲ. ಎರಡನೇ ಸಲ ನಾಟಕದವರಂತೆ ದನಿ ನಡುಗಿಸಿದ.

"ಅವ್ರು ಹಾಗ್ ಮಾತಾಡ್ತಿರ್ಲಿಲ್ಲ. ಮೆಲ್ಲಗೆ ಹೇಳ್ತಿದ್ರು. ಇನ್ನೊಂದೇ ಸಲ, ದಯವಿಟ್ಟು."

ಕೆಡಿಸಿ ಓದಿದರೆ ಆ ಸಾಲು ಅಲ್ಲೇ ಸಾಯುತ್ತದೆ, ಅವಳು ಇಲ್ಲೇ ಉಳಿಯುತ್ತಾಳೆ. ಒಂದು ಗಳಿಗೆ ಆ ಆಸೆ ಬಂದದ್ದು ನಿಜ. ಆದರೆ ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಇಷ್ಟು ವರ್ಷ ಕಾದ ಮಾತನ್ನು ಅವಳಿಂದ ಕಸಿಯಲು ಇವನಿಗೆ ಮನಸ್ಸಾಗಲಿಲ್ಲ.

ಪುಸ್ತಕ ಕೆಳಗಿಟ್ಟ. ಅವಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದ. "ನೀನಿಲ್ಲದೆ ನನಗೆ ಆಗುವುದಿಲ್ಲ."

ಈ ಸಲ ಅವಳು ಗುಂಡಿ ಒತ್ತಲಿಲ್ಲ, ಕಂಪ್ಯೂಟರಿನಲ್ಲಿ ಏನೋ ಮಾಡಿದಳು. ಆಮೇಲೆ ಎದ್ದು ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬಂದಳು.

"ಅವ್ರನ್ನ ನೋಡೋಕೆ ಹೋಗ್ತಿದ್ದೀನಿ. ಸಂಜೆ ಬಸ್ಸಿಗೇ. ವಾಪಸ್ ಬರ್ತೀನೋ ಇಲ್ವೋ."

"ಹೋಗಿ. ಪಾಪ, ಕರೆಯೋಕೂ ದನಿ ಇಲ್ಲ ಅವ್ರಿಗೆ."

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನಗಲು ನೋಡಿದ, ಆಗಲಿಲ್ಲ.

"ಪುಸ್ತಕಕ್ಕೆ ಮೊದಲ್ನೇ ಟೇಕೇ ಹಾಕಿದ್ದೀನಿ," ಎಂದಳು.

"ಯಾಕೆ? ಮೂರನೇದು ಚೆನ್ನಾಗ್ ಬಂದಿತ್ತಲ್ಲ."

"ಬಂದಿತ್ತು. ಆದ್ರೆ ಅದು ಅವ್ರ ಮಾತಲ್ಲ, ನಿಮ್ದು. ಕಂಡವರ ಕಿವಿಗೆ ಬೀಳೋದು ಬೇಡ." ಅವಳ ಕಣ್ಣು ತುಂಬಿತ್ತು. "ಅದನ್ನ ಅಳಿಸೋಕೂ ನನ್ ಕೈಲಾಗ್ಲಿಲ್ಲ. ಕ್ಷಮಿಸ್ಬಿಡಿ."

ಮರುದಿನ ಗಾಜಿನಾಚೆ ಹೊಸ ಎಂಜಿನಿಯರ್ ಕೂತಿದ್ದ, ಕಾಲಲ್ಲಿ ಶೂ ಹಾಕಿಕೊಂಡೇ. ಓದುತ್ತಾ ಓದುತ್ತಾ ಇವನ ನಾಲಿಗೆ ನಿಜವಾಗಿಯೂ ತೊಡರಿತು. ಓದು ನಿಲ್ಲಿಸಿ, ಅಭ್ಯಾಸಬಲದಿಂದ ಕಾದ.

"ಪರ್ವಾಗಿಲ್ಲ ಸರ್, ಯಾರ್ಗೂ ಗೊತ್ತಾಗಲ್ಲ," ಎಂದ ಹೊಸಬ. "ಮುಂದಕ್ಕೆ ಓದಿ."

ಇವನು ಮುಂದಕ್ಕೆ ಓದಿದ.